ಮೀನಿಗೆ ಬಳಿದ ಬಣ್ಣ, ಮನುಷ್ಯನಿಗೆ ಹತ್ತಿದ ಕಲೆ

ಚೆಲುವು ಎರಡು ಬಗೆಯದು. ಒಳಗಿನಿಂದ ಅರಳುವುದು ಒಂದು, ಹೊರಗಿನಿಂದ ಮೆತ್ತುವುದು ಇನ್ನೊಂದು. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿದ್ದು ಈ ಅಂತರವನ್ನೇ. ಹೊರಗಿನ ಬೆಡಗಿಗೆ ಮರುಳಾದವನು ಒಳಗಿನ ಜೀವವನ್ನು ಕಾಣಲಾರ. ಈ ಎಚ್ಚರಿಕೆ ಮಡಿಕೇರಿಯ ಮನೆಯೊಂದರ ಪಡಸಾಲೆಯಲ್ಲಿರುವ ಗಾಜಿನ ತೊಟ್ಟಿಗೂ ಸಲ್ಲುತ್ತದೆ.

ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ ಒಂದು ಕ್ರೂರ ಪದ್ಧತಿಯಿದೆ. ಜೀವಂತ ಮೀನಿನ ಮೈಗೆ ಕೃತಕ ಬಣ್ಣ ಹಾಕುವುದೇ ಆ ಪದ್ಧತಿ. ಗಾಜುಮೀನು ಎಂಬ ಪುಟ್ಟ ಜೀವಿಯನ್ನು ನೋಡಿರಿ. ಭಾರತದ ನದಿ, ಕೆರೆ, ಗದ್ದೆಗಳ ನೀರಿನಲ್ಲಿ ಬಾಳುವ ಈ ಮೀನಿನ ಮೈ ಪಾರದರ್ಶಕ. ಬೆನ್ನೆಲುಬೂ ಹೊರಗಿನಿಂದಲೇ ಕಾಣುತ್ತದೆ. ಇಂಥ ಅಚ್ಚರಿಯೂ ಸಾಲದೆಂದು ಮನುಷ್ಯ ಅದರ ಮೈಗೆ ಸೂಜಿ ಚುಚ್ಚಿ ಹೊಳೆಯುವ ಬಣ್ಣ ತುಂಬಿದ. ಒಂದಲ್ಲ, ಹಲವು ಕಡೆ ಚುಚ್ಚಿದ. ಬಿಳಿ ಟೆಟ್ರಾದಂಥ ಇತರ ಮೀನುಗಳ ಪಾಡು ಬೇರೆ. ಅವುಗಳ ಮೈಮೇಲಿನ ಲೋಳೆಯ ಪದರವನ್ನು ಸುಡುವ ದ್ರಾವಣದಲ್ಲಿ ಕಳಚಿ, ಅನಂತರ ಬಣ್ಣದ ನೀರಿನಲ್ಲಿ ಅದ್ದುವುದುಂಟು. ಆ ಲೋಳೆ ರೋಗಾಣುಗಳಿಂದ ಮೀನನ್ನು ಕಾಯುವ ಕವಚ. ಕವಚ ಕಳೆದುಕೊಂಡ ಮೀನು ಬೇಗ ರೋಗಕ್ಕೆ ಈಡಾಗುತ್ತದೆ. ಇಷ್ಟಾದರೂ ಬಣ್ಣ ನಿಲ್ಲುವುದೇ? ಕೆಲವೇ ತಿಂಗಳಲ್ಲಿ ಅದು ಮಾಸುತ್ತದೆ.

ಮೀನಿಗೆ ನೋವೇನು ಗೊತ್ತು ಎಂದು ಕೇಳುವವರಿದ್ದಾರೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಟ್ರೌಟ್ ಮೀನುಗಳ ಮೇಲಿನ ಅಧ್ಯಯನವೊಂದನ್ನು ಪ್ರಕಟಿಸಿದರು. ನೋವುಂಟುಮಾಡುವ ಪ್ರಚೋದನೆಯನ್ನು ಗ್ರಹಿಸುವ ನರಗಳು ಮೀನಿನ ತಲೆಭಾಗದಲ್ಲಿವೆಯೆಂದು ಅದು ತೋರಿಸಿತು. ತುಟಿಗೆ ಆಮ್ಲ ಚುಚ್ಚಿದಾಗ ಆ ಮೀನುಗಳು ತುಟಿಯನ್ನು ಕಲ್ಲಿಗೆ ಉಜ್ಜಿದವು, ಆಹಾರವನ್ನು ಬಹುಹೊತ್ತು ಮುಟ್ಟಲಿಲ್ಲ. ಕೂಗಲು ದನಿಯಿಲ್ಲದ ಮಾತ್ರಕ್ಕೆ ನೋವಿಲ್ಲವೆನ್ನುವುದು ಕಿವುಡುತನವೇ ಹೊರತು ವಿವೇಕವಲ್ಲ.

ಕೊಡಗಿನವರಿಗೆ ಈ ಮಾತು ಹೊರಗಿನದಲ್ಲ. ಇದು ಕಾವೇರಿ ಹುಟ್ಟಿದ ನಾಡು. ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥವನ್ನು ಭಕ್ತಿಯಿಂದ ಮನೆಗೆ ತರುವ ನಾಡು. ಇಲ್ಲಿಂದ ಪಡುವಣಕ್ಕೆ ಹರಿಯುವ ಬರಪೊಳೆ ಕೇರಳದ ವಳಪಟ್ಟಣಂ ನದಿಯನ್ನು ಸೇರುತ್ತದೆ. ಆ ನದಿಯ ಹರಹಿನಲ್ಲಿ ಡೆನಿಸನ್ ಬಾರ್ಬ್ ಎಂಬ ಮೀನಿದೆ. ವ್ಯಾಪಾರಿಗಳು ಅದನ್ನು ಮಿಸ್ ಕೇರಳ ಎನ್ನುತ್ತಾರೆ. ಮೈಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನಿಂದ ನಡುಮೈವರೆಗೆ ಕೆಂಪು ಗೆರೆ, ಬಾಲದಲ್ಲಿ ಹಳದಿ ಮತ್ತು ಕಪ್ಪು. ಯಾವ ಸೂಜಿಯೂ ಬರೆಯದ ಚಿತ್ರವದು. ಅದನ್ನೂ ಮನುಷ್ಯ ನೆಮ್ಮದಿಯಾಗಿ ಬಿಡಲಿಲ್ಲ. ಗಾಜಿನ ತೊಟ್ಟಿಗಳಿಗಾಗಿ ಹಿಡಿಹಿಡಿದು ಮಾರಿದ್ದರಿಂದ ಇಂದು ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಬಣ್ಣವಿದ್ದರೆ ಹಿಡಿ, ಬಣ್ಣವಿಲ್ಲದಿದ್ದರೆ ಚುಚ್ಚು: ಇದೆಂಥ ನ್ಯಾಯ? ಒಂದು ಪಾತ್ರೆಯ ನೀರನ್ನು ತೀರ್ಥವೆಂದು ಕಣ್ಣಿಗೊತ್ತಿಕೊಂಡು, ಇನ್ನೊಂದು ಪಾತ್ರೆಯ ನೀರಿನಲ್ಲಿ ನರಳುವ ಜೀವವನ್ನು ಆಟಿಕೆಯೆಂದು ನೋಡುವುದು ಎಂಥ ಭಕ್ತಿ?

ಮೀನನ್ನು ತಿನ್ನುವ ಜನ ಬಣ್ಣ ಹಾಕಿದ್ದಕ್ಕೆ ಮರುಗುವುದೇಕೆ ಎಂಬ ಪ್ರಶ್ನೆಯೂ ಏಳುತ್ತದೆ. ಆಹಾರದ ವಿಚಾರದಲ್ಲಿ ನೂರು ಮತಗಳಿರಬಹುದು. ಆದರೆ ತಿನ್ನುವವನಿಗೂ ತಿನ್ನದವನಿಗೂ ಒಪ್ಪಿತವಾಗಬೇಕಾದ ಒಂದು ಮಾತಿದೆ: ಹಸಿವಿಗೂ ಅಲ್ಲ, ಔಷಧಿಗೂ ಅಲ್ಲ, ಬರಿಯ ಕಣ್ಣಿನ ಚಪಲಕ್ಕಾಗಿ ಜೀವವನ್ನು ಹಿಂಸಿಸುವುದು ಯಾವ ತಕ್ಕಡಿಯಲ್ಲಿ ತೂಗಿದರೂ ತಪ್ಪೇ.

ಕಾನೂನು ಈ ವಿಷಯದಲ್ಲಿ ಮೂಕವಲ್ಲ, ದುರ್ಬಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ. ಮೀನೂ ಅದರಲ್ಲಿ ಸೇರಿತು. ಹಾನಿಕರ ವಸ್ತುವನ್ನು ಬೇಕೆಂದೇ, ಸಕಾರಣವಿಲ್ಲದೆ ಪ್ರಾಣಿಯ ದೇಹಕ್ಕೆ ಸೇರಿಸುವುದು ಅದರ 11ನೆಯ ಕಲಮಿನಂತೆ ಅಪರಾಧ. ಆದರೆ ಆ ಕಾಯಿದೆ ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ! ಒಂದು ಮೀನಿನ ಬೆಲೆಯೂ ಆಗದ ದಂಡಕ್ಕೆ ಯಾವ ವ್ಯಾಪಾರಿ ಅಂಜಿಯಾನು?

ಆದ್ದರಿಂದ ಕಾನೂನಿಗಿಂತ ಮೊದಲು ಕೊಳ್ಳುವವನ ಅರಿವು ಎಚ್ಚರಗೊಳ್ಳಬೇಕು. ಬ್ರಿಟನ್ನಿನ ಮೀನುಸಾಕಣೆ ಪತ್ರಿಕೆಯೊಂದು 1996ರಲ್ಲಿ ಈ ಪದ್ಧತಿಯ ವಿರುದ್ಧ ಆಂದೋಲನ ಹೂಡಿದಾಗ, ಅಂಥ ಮೀನನ್ನು ಮಾರುವುದಿಲ್ಲವೆಂದು ಅನೇಕ ಅಂಗಡಿಗಳು ಮಾತು ಕೊಟ್ಟವು. ಕೊಡಗಿನಲ್ಲಿ ಅದು ಆಗಬಾರದೇಕೆ? ಬಣ್ಣದ ಮೀನೆಲ್ಲವೂ ಬಳಿದ ಮೀನಲ್ಲ. ಗಪ್ಪಿ, ಚಿನ್ನದ ಮೀನುಗಳಿಗೆ ಬಣ್ಣ ತಳಿಯಿಂದಲೇ ಬರುತ್ತದೆ. ಆದರೆ ಹುಟ್ಟಿನಿಂದ ಬಿಳಿಯಾದ ಅಥವಾ ಪಾರದರ್ಶಕವಾದ ಮೀನು ಗುಲಾಬಿ, ನೀಲಿ, ಹಸಿರಾಗಿ ಸಾಲುಗಟ್ಟಿ ನಿಂತಿದ್ದರೆ ಬಣ್ಣ ಎಲ್ಲಿಂದ ಬಂತೆಂದು ಕೇಳಬೇಕು. ಉತ್ತರ ಬಾರದಿದ್ದರೆ ಬರಿಗೈಯಲ್ಲಿ ಹಿಂತಿರುಗಬೇಕು. ಕನಿಕರದಿಂದ ಕೊಂಡರೂ ತಪ್ಪೇ. ಖಾಲಿಯಾದ ತೊಟ್ಟಿಗೆ ಮರುವಾರವೇ ಬೇರೆ ಮೀನುಗಳು ಬಂದು ತುಂಬುತ್ತವೆ.

ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳೆಂಬ ಕಥೆ ಶರಣಲೋಕದಲ್ಲಿ ಪ್ರಸಿದ್ಧ. ನೆಲಕ್ಕೆ ಬಿದ್ದ ಅಕ್ಕಿಯಲ್ಲೂ ಆಸೆಯ ಕಲೆಯನ್ನು ಕಂಡ ಆ ತಾಯಿ, ಜೀವದ ಮೈ ಚುಚ್ಚಿ ಗಳಿಸಿದ ಹಣವನ್ನು ಕಾಯಕದ ಫಲವೆಂದು ಒಪ್ಪುತ್ತಿದ್ದಳೇ? ಅಂಥ ಕಸಬು ಹೊಟ್ಟೆ ಹೊರೆದೀತು, ಕಾಯಕವಾಗದು. ಮೀನಿನ ಮೈಯ ಬಣ್ಣ ಕೆಲವು ತಿಂಗಳಿಗೆ ಮಾಸುತ್ತದೆ. ಬಳಿದ ಕೈಯ ಕಲೆಯೂ ಕೊಂಡ ಕೈಯ ಕಲೆಯೂ ಅಷ್ಟು ಬೇಗ ಮಾಸವು.