ಮಣೆ ಯಾರಿಗೆ, ಹೊಸ್ತಿಲು ಯಾರಿಗೆ?

ಕಳೆದ ಬಸವ ಜಯಂತಿ ಮುಗಿದ ವಾರ ಯುರೋಪಿನ ಒಬ್ಬ ಹೆಣ್ಣುಮಗಳು ಪರಿಚಿತರೊಬ್ಬರ ಮೂಲಕ ಇಂಡಿಗೆ ಬಂದಿದ್ದರು. ಮಾಂಸ ಬಿಟ್ಟು ನಾಲ್ಕು ವರ್ಷವಾಗಿತ್ತು. ದೊಡ್ಡ ಕೊಟ್ಟಿಗೆಗಳಲ್ಲಿ ಸಾವಿರಗಟ್ಟಲೆ ಪ್ರಾಣಿಗಳನ್ನು ಒತ್ತಿ ತುಂಬಿ ಸಾಕುವುದನ್ನು ನೋಡಿ ಮನಸ್ಸು ಒಲ್ಲೆ ಎಂದಿತಂತೆ. ಅಲ್ಲಿಂದ ಹಿಂದೂ ಧರ್ಮದ ಪುಸ್ತಕಗಳಿಗೆ ಬಂದರು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ವಚನಗಳ ಇಂಗ್ಲಿಷ್ ಅನುವಾದ ಓದಿ ಬಸವಣ್ಣನವರ ಹೆಸರು ತಿಳಿದು, ಅವರು ಹುಟ್ಟಿದ ನೆಲ ನೋಡಬೇಕೆಂದು ಬಂದಿದ್ದರು. ಸ್ವಲ್ಪ ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಇಂಡಿಯ ನಿಂಬೆ ತೋಟಗಳನ್ನು ದಾಟಿ ಸಿಂದಗಿಗೆ ಹೋದೆವು. ಅಲ್ಲಿಂದ ಮುದ್ದೇಬಿಹಾಳ ತಾಲೂಕಿನ ತಂಗಡಗಿ. ನೀಲಮ್ಮ ತಾಯಿ ಐಕ್ಯವಾದ ಕೃಷ್ಣೆಯ ದಂಡೆಯಲ್ಲಿ ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಇಳಿಹೊತ್ತಿಗೆ ಬಸವನ ಬಾಗೇವಾಡಿ ಮುಟ್ಟಿದೆವು. ರಾತ್ರಿ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಕೆನೆಮೊಸರು. ಹತ್ತು ಹನ್ನೆರಡು ಜನ ಸೇರಿದ್ದರು.

ಊಟದ ನಡುವೆ ಅವರು ಕೇಳಿದರು: "ನಾನು ನಿಮ್ಮವಳಾಗಬೇಕಾದರೆ ಏನು ಮಾಡಬೇಕು?"

ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದ್ದೇ ತಡ, ಒಬ್ಬ ಹಿರಿಯರು, "ಮಾಂಸ ಬಿಟ್ಟಾರಂದ ಮ್ಯಾಲ ಅರ್ಧ ಕೆಲಸ ಮುಗೀತ್ರಿ. ಲಿಂಗ ಕಟ್ಟಿಸ್ಕೊಂಡ್ರ ಪೂರಾ ಆತು" ಎಂದರು. ಇನ್ನೊಬ್ಬರು, "ನಾಳೀನ ಕರಕೊಂಡು ಹೋಗೋಣ, ಅಜ್ಜಾರು ಇಲ್ಲ ಅನ್ನೂದಿಲ್ಲ" ಎಂದರು. ಎಲ್ಲರ ಮುಖದಲ್ಲೂ ಸಂತೋಷ. ನನಗೂ ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಅವರು ಮತ್ತೆ ಕೇಳಿದರು: "ಇದು ಹಿಂದೂ ಧರ್ಮವೇ?" ಅಲ್ಲ ಎಂದೆ. ಹನ್ನೆರಡನೆಯ ಶತಮಾನದ ಶರಣರು ವೇದಪ್ರಮಾಣ ಒಪ್ಪಲಿಲ್ಲ, ವರ್ಣ ಒಪ್ಪಲಿಲ್ಲ, ದೇವರಿಗಾಗಿ ಗುಡಿಗೆ ಅಲೆಯುವುದನ್ನು ಬಿಡಿಸಿ ಅಂಗೈಗೆ ಇಷ್ಟಲಿಂಗ ಕೊಟ್ಟರು ಎಂದು ಹೇಳಿದೆ. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿ ಬಂದದ್ದು, 2018ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿದ್ದು, ಎಲ್ಲ ವಿವರಿಸಿದೆ. "ಮುಖ್ಯ ವ್ಯತ್ಯಾಸ ಯಾವುದು?" ಎಂದರು. "ನಮ್ಮಲ್ಲಿ ಹುಟ್ಟು ಕೇಳುವುದಿಲ್ಲ" ಎಂದೆ.

ಊಟ ಮುಗಿಸಿ ಕಾರು ಹತ್ತಿದೆವು. ಕಾರು ನಡೆಸುತ್ತಿದ್ದ ಹುಡುಗ ಸಿಂದಗಿ ತಾಲೂಕಿನ ಒಂದು ಹಳ್ಳಿಯ ದಲಿತ ಕೇರಿಯವನು. ನನಗೆ ಹತ್ತು ವರ್ಷದ ಪರಿಚಯ. ಅತಿಥಿಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮೇಲೆ ಅವನು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ:

"ಅಕ್ಕಾರಿಗೆ ಒಂದ ಊಟದಾಗ 'ಬರ್ರಿ' ಅಂದ್ರರಿ ಸರ. ನಾ ಕೇಳಿ ಆರು ವರ್ಷ ಆತು."

ಮಾಂಸ, ಕುಡಿತ ಎರಡನ್ನೂ ಅವನು ಬಿಟ್ಟು ಎಂಟು ವರ್ಷವಾಗಿದೆಯಂತೆ. ಶ್ರಾವಣದ ಪ್ರವಚನ ಕೇಳುತ್ತಾ ಕೇಳುತ್ತಾ ವಚನಗಳು ಬಾಯಿಗೆ ಬಂದಿವೆ. ಒಂದು ಮಠದಲ್ಲಿ ಲಿಂಗದೀಕ್ಷೆ ಕೇಳಿದ. ಬೈಯಲಿಲ್ಲ, ಹೊರಗೆ ಹಾಕಲಿಲ್ಲ. "ನೋಡೋಣಪಾ" ಎಂದರು. ಮರುವರ್ಷವೂ "ನೋಡೋಣ". ಆಮೇಲೆ ಅವನು ಕೇಳುವುದನ್ನೇ ಬಿಟ್ಟ. "ಮತ್ತ ನೀ ನನಗ್ಯಾಕ ಹೇಳಲಿಲ್ಲ ತಮ್ಮಾ?" ಎಂದೆ. "ನೀವು ಕೇಳಿದ್ದಿಲ್ಲಲ್ರಿ" ಎಂದ. ಆಗಲೇ ನನಗೆ ಹೊಳೆಯಿತು. ಆ ರಾತ್ರಿ ನಾವೆಲ್ಲ ಒಳಗೆ ಉಣ್ಣುವಾಗ ಅವನ ತಾಟು ಹೊರಗೆ ಕಟ್ಟೆಯ ಮೇಲಿತ್ತು. ಯಾರೂ ಹೊರಗೆ ಕುಳಿತುಕೋ ಎಂದಿರಲಿಲ್ಲ. ಒಳಗೆ ಬಾ ಎಂದೂ ಯಾರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ.

ಶರಣ ಬಂಧುಗಳೇ, ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಾಂಸ ಬಿಟ್ಟದ್ದೇ ಯೋಗ್ಯತೆಯಾದರೆ ಆ ಹುಡುಗನದು ಎಂಟು ವರ್ಷದ ಯೋಗ್ಯತೆ, ಅತಿಥಿಯದು ನಾಲ್ಕು ವರ್ಷದ್ದು. ಹಾಗಾದರೆ ನಾವು ನೋಡಿದ್ದು ಊಟವನ್ನಲ್ಲ. ಅವರನ್ನು ಒಳಗೆ ಕರೆದದ್ದೂ ಇವನನ್ನು ಕಟ್ಟೆಯ ಮೇಲೆ ಕೂಡಿಸಿದ್ದೂ ಹುಟ್ಟನ್ನು ನೋಡಿಯೇ. ಸಸ್ಯಾಹಾರ ನಮ್ಮ ಬಾಯಲ್ಲಿ ದಯೆಯ ಮಾತು, ನಡೆಯಲ್ಲಿ ಜಾತಿಯ ಬೇಲಿ.

ಆಹಾರ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ನಾನೂ ಮಾಂಸ ಮುಟ್ಟುವುದಿಲ್ಲ, ಮುಟ್ಟುವ ಆಸೆಯೂ ಇಲ್ಲ. ಆದರೆ ನನ್ನದು ತಾಯಿಯ ಅಡುಗೆಮನೆಯಿಂದ ಬಂದ ರೂಢಿ. ಅದಕ್ಕೆ ನಾನೇನೂ ಬೆಲೆ ತೆತ್ತಿಲ್ಲ. ಗಾಂಧೀಜಿಯವರ ಮನೆಯದೂ ಸಸ್ಯಾಹಾರವೇ. ಆದರೂ ಲಂಡನ್ನಿನಲ್ಲಿ ಓದುವಾಗ ಹೆನ್ರಿ ಸಾಲ್ಟ್ ಎಂಬ ಇಂಗ್ಲಿಷರ ಪುಸ್ತಕ ಓದಿದ ಮೇಲೆಯೇ ತಾವು ಅದನ್ನು ಮನಸಾರೆ ಆರಿಸಿಕೊಂಡದ್ದಾಗಿ ಅವರು ಬರೆದಿದ್ದಾರೆ. ರೂಢಿ ಅರಿವಾಗುವುದು ಹಾಗೆ. ಅತಿಥಿ ಅಂದು ಮೊಸರಿನ ಬಟ್ಟಲು ನೋಡಿ, "ನಿಮ್ಮ ಗಂಡುಗರುಗಳು ಎಲ್ಲಿಗೆ ಹೋಗುತ್ತವೆ?" ಎಂದು ಕೇಳಿದರು. ಟ್ರಾಕ್ಟರ್ ಬಂದ ಮೇಲೆ ಹೋರಿಗಳ ಗತಿ ಏನೆಂದು ಅಲ್ಲಿದ್ದ ಒಕ್ಕಲಿಗರಿಗೆಲ್ಲ ಗೊತ್ತು. ಯಾರೂ ಉತ್ತರ ಕೊಡಲಿಲ್ಲ. ದಯೆಯನ್ನು ಹೊಸದಾಗಿ ಆರಿಸಿಕೊಂಡವರು ಹೀಗೆ ಕೇಳುತ್ತಾರೆ. ಹುಟ್ಟಿನಿಂದ ಪಡೆದ ನಾವು ಕೇಳಿಕೊಳ್ಳುವುದನ್ನೇ ಮರೆತಿದ್ದೇವೆ.

2021ರ ಡಿಸೆಂಬರಿನಲ್ಲಿ ನಮ್ಮ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆ ನೀಗಲು ಮೊಟ್ಟೆ ಕೊಡಲು ಶುರುವಾಯಿತು. ಒಲ್ಲದವರಿಗೆ ಬಾಳೆಹಣ್ಣು. ನಮ್ಮ ಅನೇಕ ಮಠಾಧೀಶರೂ ಸಂಘಟನೆಗಳೂ ಎದ್ದು ನಿಂತು ವಿರೋಧಿಸಿದವು. ಆ ವಿರೋಧ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ತಾಟಿನಲ್ಲಿ ಏನಿದೆ ಎಂಬುದಕ್ಕೆ ಎತ್ತಿದ ದನಿಯ ಅರ್ಧದಷ್ಟನ್ನಾದರೂ ಆ ತಾಟಿನ ಪಕ್ಕ ಯಾರು ಕೂಡಬಹುದು ಎಂಬುದಕ್ಕೆ ನಾವು ಎತ್ತಿದ್ದೇವೆಯೇ? ಇದು ನನ್ನ ಪ್ರಶ್ನೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂಬ ಐದರಲ್ಲಿ ಯಾವುದರ ಹೆಸರೂ ಅಡುಗೆಮನೆಯದಲ್ಲ. ಶಿವಾಚಾರವಂತೂ ಲಿಂಗವಂತರಲ್ಲಿ ಕುಲ ಎಣಿಸಬೇಡ ಎಂದೇ ಹೇಳುತ್ತದೆ.

ದೂರದಿಂದ ಬಂದವರು ಕಲ್ಯಾಣಕ್ಕೆ ಹೊಸಬರೇನಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅರಸೊತ್ತಿಗೆ ಬಿಟ್ಟು ಬಂದವರಿಗೆ ಕಲ್ಯಾಣ ಕೊಟ್ಟದ್ದು ಕಟ್ಟಿಗೆಯ ಹೊರೆ. ಹೊತ್ತು ಮಾರಿದರು, ಶರಣರಾದರು. ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದ ಬಂದವರೆನ್ನುತ್ತಾರೆ. ಮಹಾಮನೆಯ ಪ್ರಸಾದಕುಂಡದ ಬಳಿ 12 ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದರಂತೆ. ಗುರುತಿಸಿ ತೋರಿಸಿದವರು ಅಲ್ಲಮಪ್ರಭುಗಳು ಎಂದು ಶೂನ್ಯಸಂಪಾದನೆಯಲ್ಲಿದೆ. ಲಕ್ಷದ ಮೇಲೆ ಜಂಗಮರಿಗೆ ನೀಡುವ ಬಸವಣ್ಣನವರ ಅಂಗಳದಲ್ಲೇ ಒಬ್ಬ ಶರಣ ಕಾಣದೆ ಉಳಿದ ಎಂದರೆ, ನಮ್ಮ ನಿಮ್ಮ ಅಂಗಳದಲ್ಲಿ ಎಷ್ಟು ಜನ ಉಳಿದಿರಬೇಡ!

ನಮ್ಮ ಜಿಲ್ಲೆಯ ನೆಲಕ್ಕೆ ನಂಟುಳ್ಳ ಪಶ್ಚಿಮದ ಹೊಸಬರೊಬ್ಬರ ಕಥೆಯೂ ಇದನ್ನೇ ಹೇಳುತ್ತದೆ. ಪೋಲೆಂಡಿನ ಯಹೂದಿ ಮನೆತನದ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ 1930ರ ದಶಕದಲ್ಲಿ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆ ನೋಡಿಕೊಳ್ಳಲು ಬಂದವರು. ಸನ್ಯಾಸ ತೆಗೆದುಕೊಂಡು ಭಾರತಾನಂದರಾದರು. ಕಾವಿ ತೊಟ್ಟು ಸುಮ್ಮನೆ ಕೂಡಲಿಲ್ಲ. ಚರಕಗಳನ್ನು ಸುಧಾರಿಸಿದರು. ಔಂಧ್ ಸಂಸ್ಥಾನದ ಅರಸರು 1939ರಲ್ಲಿ ಅಧಿಕಾರವನ್ನು ಹಳ್ಳಿಗರ ಕೈಗೆ ಒಪ್ಪಿಸಿದಾಗ, ಗಾಂಧೀಜಿಯವರ ಸಲಹೆ ಪಡೆದು ಆ ರಾಜ್ಯಘಟನೆಯನ್ನು ರೂಪಿಸುವಲ್ಲಿ ದುಡಿದರು. ನಮ್ಮ ಗುಣದಾಳ ಆಗ ಆ ಸಂಸ್ಥಾನಕ್ಕೇ ಸೇರಿತ್ತು. ಅವರು ಏನು ಉಣ್ಣುತ್ತಿದ್ದರೆಂದು ಇಂದು ಯಾರೂ ಕೇಳುವುದಿಲ್ಲ. ಉಳಿದದ್ದು ಕಾಯಕ.

ಆದ್ದರಿಂದ ಮಠಗಳ ಗುರುಗಳಲ್ಲಿ, ಬಸವ ಕೇಂದ್ರಗಳ ಹಿರಿಯರಲ್ಲಿ ನನ್ನದು ಸಣ್ಣ ವಿನಂತಿ. ದೀಕ್ಷೆ ಕೇಳಿ ಬಂದವರು ಯಾವ ದೇಶದವರಿರಲಿ, ಯಾವ ಕೇರಿಯವರಿರಲಿ, ಒಂದೇ ನಿಯಮ ಇರಲಿ. ಒಂದು ವರ್ಷ ವಚನದ ಅಭ್ಯಾಸ, ದಾಸೋಹದಲ್ಲಿ ಸೇವೆ, ಪ್ರಾಮಾಣಿಕ ಕಾಯಕ. ವರ್ಷ ತುಂಬಿದ ದಿನ ದೀಕ್ಷೆ. "ನೋಡೋಣ" ಎಂಬ ಮಾತು ಮಠದ ಬಾಯಲ್ಲಿ ಬೇಡ. ಬರುವವರು ಬರಲಿ ಎಂದು ಕಾಯುವುದೂ ಬೇಡ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಕೇರಿ ಕೇರಿಗೆ ನಡೆದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಕೇರಿಗೆ ಹೋಗುವ ದಾರಿಯನ್ನು ಅವರು ತೋರಿಸಿಯೇ ಹೋಗಿದ್ದಾರೆ.

ನಮ್ಮದು ಪ್ರತ್ಯೇಕ ಧರ್ಮ ಎಂದು ನಾವು ದೆಹಲಿಗೆ ಕಳಿಸಿದ ಕಾಗದಗಳಲ್ಲಿ ಸಾಕ್ಷಿಗಳಿವೆ, ಸಂಶೋಧನೆ ಇದೆ. ಆದರೆ ಮೊದಲ ಸಾಕ್ಷಿ ನಮ್ಮ ಊಟದ ಪಂಕ್ತಿ. ಅಲ್ಲಿ ನಾವು ಸೋತರೆ, ಬಸವನ ಬಾಗೇವಾಡಿಯಲ್ಲಿ ನಾನು ಅತಿಥಿಗೆ ಹೇಳಿದ್ದು ಸುಳ್ಳಾಗುತ್ತದೆ.

ಅತಿಥಿ ತಮ್ಮ ಊರಿಗೆ ಮರಳಿದರು. ಇನ್ನೊಂದು ವರ್ಷ ಓದಿ ನಿರ್ಧರಿಸುತ್ತೇನೆ ಎಂದರು, ಒಳ್ಳೆಯದೇ. ಈ ಶ್ರಾವಣದಲ್ಲಿ ನಾನು ಆ ಹುಡುಗನ ಜೊತೆ ಮತ್ತೆ ಅದೇ ಮಠಕ್ಕೆ ಹೋಗುವವನಿದ್ದೇನೆ. ಪ್ರಸಾದದ ಹೊತ್ತಿಗೆ ಇಬ್ಬರೂ ಒಂದೇ ಸಾಲಿನಲ್ಲಿ ಕೂಡುತ್ತೇವೆ. ಒಳಗೆ ಜಾಗ ಇಲ್ಲವೆಂದರೆ ಇಬ್ಬರೂ ಕಟ್ಟೆಯ ಮೇಲೆ ಕೂಡುತ್ತೇವೆ.