ಬೆಂಕಿ ಆರಿದ ಮೇಲಿನ ನಷ್ಟ



ಪಂಪ್‌ಹೌಸಿಗೋ ಅಡಿಕೆಯ ಡ್ರೈಯರ್ ಮನೆಗೋ ಬೆಂಕಿ ತಗುಲಿದಾಗ ಸುಟ್ಟುಹೋದದ್ದನ್ನು ಮಾತ್ರ ನಷ್ಟದ ಲೆಕ್ಕಕ್ಕೆ ಹಿಡಿಯುವುದು ನಮ್ಮ ರೂಢಿ. ಜ್ವಾಲೆ ಸೋಕದ ಸ್ಟಾರ್ಟರು, ಇನ್ವರ್ಟರು, ಎಲೆಕ್ಟ್ರಾನಿಕ್ ತಕ್ಕಡಿಗಳು ಉಳಿದವೆಂದು ಸಮಾಧಾನಪಡುತ್ತೇವೆ. ಈ ಸಮಾಧಾನ ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಹೊಗೆಗಳೆಲ್ಲ ಒಂದೇ ಅಲ್ಲ. ಸೌದೆಯ ಹೊಗೆ ಮಸಿ ಕಟ್ಟಿಸುತ್ತದೆ. ಆದರೆ ವೈರಿನ ಹೊದಿಕೆಯಲ್ಲೂ ನೀರಿನ ಪೈಪುಗಳಲ್ಲೂ ಇರುವ ಪಿ.ವಿ.ಸಿ. ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅದು ತೇವದೊಡನೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಈ ಆಮ್ಲ ತಾಮ್ರ, ಸತು, ಕಬ್ಬಿಣಗಳನ್ನು ದಿನದಿನಕ್ಕೆ ತಿನ್ನುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ?

1975ರ ಫೆಬ್ರವರಿ 27ರಂದು ನ್ಯೂಯಾರ್ಕಿನ ಒಂದು ದೊಡ್ಡ ಟೆಲಿಫೋನ್ ವಿನಿಮಯ ಕೇಂದ್ರದ ನೆಲಮಾಳಿಗೆಯಲ್ಲಿ ಕೇಬಲ್ಲುಗಳಿಗೆ ಬೆಂಕಿ ಬಿದ್ದಿತು. ಸುಮಾರು 1,70,000 ಟೆಲಿಫೋನುಗಳು ನಿಂತುಹೋದವು. ಬೆಂಕಿ ತಲುಪದ ಮೇಲಿನ ಅಂತಸ್ತುಗಳ ಯಂತ್ರಗಳಿಗೂ ಹೊಗೆ ಹೊಕ್ಕಿದ್ದರಿಂದ ಅವನ್ನು ಕೈಯಿಂದಲೇ ಶುಚಿಗೊಳಿಸಬೇಕಾಯಿತು. ಸೇವೆ ಮರಳಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು. ಇಂದಿನ ಎಲೆಕ್ಟ್ರಾನಿಕ್ ಬೋರ್ಡಿನ ತಾಮ್ರದ ಗೆರೆಗಳಾದರೋ ಆಗಿನ ರಿಲೇಗಳಿಗಿಂತ ಎಷ್ಟೋ ಸೂಕ್ಷ್ಮ.

ಹೂಮಳೆ ಬಾರದೆ ಕಾಫಿಗೆ ನೀರು ಹಾಯಿಸುವ ಗಡಿಬಿಡಿಯಲ್ಲಿ "ಒಮ್ಮೆ ಸ್ವಿಚ್ ಹಾಕಿ ನೋಡೋಣ" ಎನ್ನಿಸುವುದು ಸಹಜ. ಹಾಕಬಾರದು. ಮಸಿಯಲ್ಲಿ ವಿದ್ಯುತ್ ಹರಿದು, ಉಳಿಯಬಹುದಾಗಿದ್ದ ಯಂತ್ರವೂ ಕೆಡುತ್ತದೆ. ಮೇನ್ ಸ್ವಿಚ್ ಮತ್ತು ಬ್ಯಾಟರಿಯ ಸಂಪರ್ಕವನ್ನು ತಿಳಿದವರಿಂದ ತಪ್ಪಿಸಿ, ಯಂತ್ರವನ್ನು ಒಣ ಜಾಗಕ್ಕೆ ಸಾಗಿಸಿ, ಒದ್ದೆ ಬಟ್ಟೆಯಿಂದ ಒರೆಸದೆ, ಒಂದೆರಡು ದಿನದೊಳಗೆ ತಂತ್ರಜ್ಞರಿಗೆ ತೋರಿಸತಕ್ಕದ್ದು. ವಿಮೆಯಿದ್ದವರು ಹೊಗೆ ತಾಗಿದ ವಸ್ತುಗಳ ಪಟ್ಟಿಯನ್ನೂ ಸರ್ವೇಯರರ ಮುಂದೆ ಲಿಖಿತವಾಗಿ ಇಡಬೇಕು.

ಸಂಘದ ಮಟ್ಟಿಗೂ ಒಂದು ಮಾತು. ಸದಸ್ಯರ ಅಡಿಕೆಯ ತೂಕ, ಸಾಲ, ಜಮೆಗಳೆಲ್ಲ ಈಗ ಕಂಪ್ಯೂಟರಿನಲ್ಲಿವೆ. ಅದರ ಒಂದು ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು. ಗೋದಾಮಿನ ಹಿಂದೆ ಹಳೆಯ ಪೈಪು, ವೈರು ಸುಡುವುದು ಇಂದೇ ನಿಲ್ಲಬೇಕು. ಇವೆರಡನ್ನೂ ಮುಂದಿನ ಮಹಾಸಭೆಯಲ್ಲಿ ಠರಾವಾಗಿ ಮಂಡಿಸಲಿದ್ದೇನೆ. ಸದಸ್ಯರು ಹಾಜರಿದ್ದು ಬೆಂಬಲಿಸಬೇಕೆಂದು ವಿನಂತಿ.

— ಕಾರ್ಯದರ್ಶಿ