ಅನುಮಾನವೇ ಸಾಕ್ಷಿಯಲ್ಲ

೧೯೬೪ರ ಲಿಂಗನಮಕ್ಕಿ ಮುಳುಗಡೆಯನ್ನು ನಾವ್ಯಾರೂ ಕಣ್ಣಾರೆ ನೋಡಿಲ್ಲ. ಆದರೂ ಬೇಸಿಗೆಯಲ್ಲಿ ಹಿನ್ನೀರು ಇಳಿದು ಮಡೆನೂರಿನ ಹಳೇ ಅಣೆಕಟ್ಟು, ಮರದ ಬೊಡ್ಡೆಗಳು ಕಂಡಾಗ ನಡೆದದ್ದು ಗೊತ್ತಾಗುತ್ತೆ. ಇದೇ ಸಾಂದರ್ಭಿಕ ಸಾಕ್ಷಿ.

ಕೋರ್ಟು ಕೂಡ ಇದನ್ನು ಒಪ್ಪುತ್ತದೆ. ಆದರೆ ೧೯೮೪ರಲ್ಲಿ ಶರದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಷರತ್ತು ಹಾಕಿತು: ಪ್ರತಿ ಸಂಗತಿಯೂ ರುಜುವಾತಾಗಬೇಕು, ಸರಪಳಿಯ ಒಂದು ಕೊಂಡಿಯೂ ತಪ್ಪಬಾರದು, ಅನುಮಾನ ಎಷ್ಟೇ ಬಲವಾಗಿದ್ದರೂ ರುಜುವಾತಲ್ಲ. ಆರೋಪಿ ಬಿಡುಗಡೆಯಾದ.

ನಾವೇನು ಮಾಡ್ತೀವಿ? ಪೆನ್ನು ಕಳೆದರೆ "ಅವನೊಬ್ಬನೇ ಒಳಗಿದ್ದ, ಬಡವ ಬೇರೆ, ಅವನೇ ಕದ್ದಿದ್ದು" ಅಂತೀವಿ. ಒಳಗಿದ್ದದ್ದು ಒಂದೇ ಕೊಂಡಿ. ಬಡತನ ಕೊಂಡಿಯೇ ಅಲ್ಲ. ಪೆನ್ನು ದಾರಿಯಲ್ಲಿ ಬಿದ್ದಿರಬಹುದಲ್ಲ!

ಪೆನ್ನು ಇನ್ನೊಂದು ಸಿಗುತ್ತೆ, ಹೋದ ಮಾನ ಸಿಗುತ್ತಾ? ಮೊದಲು ಹುಡುಕೋಣ, ಆಮೇಲೆ ಮಾತಾಡೋಣ.